ದೇವರು ನಮಗೇಕೆ ಸ್ವಾತಂತ್ರ್ಯವನ್ನು ದಯಪಾಲಿಸಿದರು?

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಧ್ಯಾನಕೂಟದ ಎರಡನೆಯ ಸಂಜೆ ಮಾಡಿದ ಪ್ರವಚನದ ಪಠ್ಯ)



ಗದಗ-ಬೆಟಗೇರಿಯಿಂದಲೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದಲೂ ದಿನದ ದುಡಿಮೆಯನ್ನು ಮುಗಿಸಿ, ಬಸ್ಸು ಹಿಡಿದು ಈ ಸಂಜೆಯ ಧ್ಯಾನಕ್ಕೆ ಬಂದಿರುವ ನಿಮ್ಮೆಲ್ಲರಿಗೂ ಪ್ರಭು ಯೇಸುವಿನ ಶಾಂತಿಯು ಲಭಿಸಲಿ. ನೂರು ವರ್ಷಗಳ ಹಬ್ಬವೆಂದರೆ ಹಿಂದಿನದನ್ನು ನೆನೆಯುವ ಹಬ್ಬ. ಯಾರು ಕಲ್ಲು ಹೊತ್ತರು, ಯಾರು ಗಂಟೆಯನ್ನು ಕಾಣಿಕೆಯಾಗಿ ಇತ್ತರು, ಯಾವ ಗುರುಗಳು ಎಷ್ಟು ವರ್ಷ ಸೇವೆ ಸಲ್ಲಿಸಿದರು ಎಂಬುದನ್ನೆಲ್ಲ ಬೇರೆಯವರು ಹೇಳುವರು. ನಮಗೆ ಒಪ್ಪಿಸಿರುವ ವಿಷಯ ಬೇರೆ. ದೇವರು ಪ್ರೀತಿಸ್ವರೂಪಿ, ದೇವರು ಸರ್ವಜ್ಞ. ಹಾಗಿದ್ದಮೇಲೆ ಮನುಷ್ಯನು ಕೆಡಬಹುದೆಂದು ತಿಳಿದಿದ್ದೂ ಆತನಿಗೆ ಸ್ವತಂತ್ರ ಇಚ್ಛೆಯನ್ನು ಏಕೆ ಕೊಟ್ಟರು?

ಇದು ಗುರುಮಠದ ತರಗತಿಯಲ್ಲಿ ಮಾತ್ರ ಕೇಳಿಬರುವ ಪ್ರಶ್ನೆಯೆಂದು ಎಣಿಸಬೇಡಿ. ನಾವು ಗುರುಮಠದಲ್ಲಿ ಓದುವಾಗ ಈ ಪ್ರಶ್ನೆಯನ್ನು ಲತೀನ್ ಪದಗಳಲ್ಲಿ ಕಲಿತೆವು, ಪರೀಕ್ಷೆಯಲ್ಲಿ ಉತ್ತರಿಸಿದೆವು, ತೇರ್ಗಡೆಯೂ ಆದೆವು. ಆದರೆ ಈ ಪ್ರಶ್ನೆಯು ನಿಜವಾಗಿ ನಮ್ಮ ಎದೆಗೆ ತಾಗಿದ್ದು ಹಲವು ವರ್ಷಗಳ ನಂತರ, ಮಗ್ಗದ ಕೆಲಸದಿಂದ ಸಂಸಾರವನ್ನು ಸಾಕುತ್ತಿದ್ದ ಒಬ್ಬ ವಿಧವೆ ತಾಯಿಯ ಬಾಯಿಂದ. ಆಕೆಯ ಒಬ್ಬನೇ ಮಗ ಕುಡಿತಕ್ಕೆ ಬಿದ್ದಿದ್ದ. ಮನೆಯ ಪಾತ್ರೆಗಳು ಒಂದೊಂದಾಗಿ ಮಾರಾಟವಾಗಿದ್ದುವು. ಒಂದು ದಿನ ಪೂಜೆ ಮುಗಿದಮೇಲೆ ಆಕೆ ಬಾಗಿಲ ಬಳಿ ನಿಂತು ಕೇಳಿದಳು: "ಫಾದರ್, ದೇವರಿಗೆ ಎಲ್ಲಾ ಗೊತ್ತೈತಿ ಅಂತೀರಿ. ನನ್ನ ಮಗ ಹಿಂಗ ಹಾಳಾಗ್ತಾನ ಅನ್ನೂದೂ ಮೊದಲ ಗೊತ್ತಿತ್ತಲ್ಲ? ನಾವು ದನಕ್ಕ ಸೈತ ಹಗ್ಗ ಹಾಕಿ ಕಟ್ಟತೀವಿ, ಮಂದಿ ಬೆಳಿ ಮೇಯಬಾರದು ಅಂತ. ನನ್ನ ಮಗಗ ಯಾಕ ದೇವರು ಒಂದ ಹಗ್ಗ ಹಾಕಲಿಲ್ಲ?"

ಆ ತಾಯಿಗೆ ಅಂದು ನಾವಿತ್ತ ಉತ್ತರವು ಮಾತಿನದಾಗಿರಲಿಲ್ಲ, ಹಗ್ಗದ್ದೇ ಆಗಿತ್ತು. ದೇವರು ಹಾಕದ ಹಗ್ಗವನ್ನು ನಾವೇ ಹಾಕುವೆವೆಂದು ಹೊರಟೆವು. ಆ ಯುವಕನನ್ನು ಕರೆಯಿಸಿ, ಹಿರಿಯರಿಬ್ಬರನ್ನು ಎರಡು ಬದಿಗಳಲ್ಲಿ ನಿಲ್ಲಿಸಿ, ಪೂಜಾಪೀಠದ ಮುಂದೆ, ಭಾನುವಾರದ ಜನರೆಲ್ಲರ ಸಮಕ್ಷಮದಲ್ಲಿ, ಬೈಬಲಿನ ಮೇಲೆ ಕೈಯಿಡಿಸಿ, ಇನ್ನು ಮುಂದೆ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದೆವು. ಆತನು ತಲೆ ತಗ್ಗಿಸಿ ನಾವು ಹೇಳಿಕೊಟ್ಟ ಮಾತುಗಳನ್ನು ಹೇಳಿದನು. ಜನರು ಸಂತೋಷಪಟ್ಟರು. ನಾವೂ ಒಂದು ಆತ್ಮವನ್ನು ಉಳಿಸಿದೆವೆಂದು ಆ ರಾತ್ರಿ ಸುಖವಾಗಿ ನಿದ್ರಿಸಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಆತನು ಮತ್ತೆ ಕುಡಿದನು. ಕುಡಿದ ಮುಖವನ್ನು ಊರಿಗೆ ತೋರಿಸಲಾರದೆ ಮನೆ ಬಿಟ್ಟು ಹೊರಟುಹೋದನು. ಆ ಪ್ರತಿಜ್ಞೆಯಲ್ಲಿ ಆತನ ದನಿಯಿತ್ತು, ಮನಸ್ಸಿರಲಿಲ್ಲ. ಮನಸ್ಸಿಗಾಗಿ ಕಾಯುವ ತಾಳ್ಮೆ ನಮಗಿರಲಿಲ್ಲ. ಇದು ನಮ್ಮ ತಪ್ಪು. ನಿಮ್ಮೆಲ್ಲರ ಮುಂದೆ ಇದನ್ನು ಒಪ್ಪಿಕೊಂಡು ಮುಂದಿನ ಮಾತುಗಳನ್ನು ಆಡುತ್ತೇವೆ.

ಮೊದಲಿಗೆ, ಧರ್ಮಸಭೆಯು ಸ್ವಾತಂತ್ರ್ಯವೆಂದು ಕರೆಯುವುದು ಯಾವುದನ್ನು? ಆದಿಕಾಂಡದ ಮೊದಲ ಅಧ್ಯಾಯವು ದೇವರು ಮಾನವನನ್ನು ತಮ್ಮ ರೂಪದಲ್ಲಿ ಸೃಷ್ಟಿಸಿದರೆಂದು ಸಾರುತ್ತದೆ. ಸೂರ್ಯ ಚಂದ್ರರಿಗೆ ದೇವರು ಆಜ್ಞೆ ಮಾತ್ರ ಕೊಟ್ಟರು. ಮಾನವನಿಗೆ ಆಜ್ಞೆಯ ಜೊತೆಗೆ ಅದನ್ನು ಮೀರುವ ಶಕ್ತಿಯನ್ನೂ ಕೊಟ್ಟರು. ಸಿರಾಖನ ಗ್ರಂಥದ ಹದಿನೈದನೆಯ ಅಧ್ಯಾಯವು ದೇವರು ಮನುಷ್ಯನನ್ನು ಆತನ ಸ್ವಂತ ತೀರ್ಮಾನದ ಕೈಗೇ ಒಪ್ಪಿಸಿದರೆಂದು ಬೋಧಿಸುತ್ತದೆ. ಸಂತ ತೋಮಸ್ ಅಕ್ವಿನಾಸರು ಇದನ್ನು ಸರಳವಾದ ತರ್ಕದಿಂದ ತೋರಿಸಿದ್ದಾರೆ: ಮನುಷ್ಯನು ಸ್ವತಂತ್ರನಲ್ಲದಿದ್ದರೆ ಬುದ್ಧಿವಾದ, ಆಜ್ಞೆ, ನಿಷೇಧ, ಬಹುಮಾನ, ಶಿಕ್ಷೆ ಇವೆಲ್ಲವೂ ವ್ಯರ್ಥ. ಕಲ್ಲಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ ಮಗನಿಗೆ ನೀವು ಬುದ್ಧಿ ಹೇಳುವಾಗಲೆಲ್ಲ ಆತನು ಸ್ವತಂತ್ರನೆಂದು ಒಪ್ಪಿಕೊಂಡೇ ಹೇಳುತ್ತೀರಿ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದ ಹದಿನೇಳನೆಯ ಪರಿಚ್ಛೇದದಲ್ಲಿ, ನಿಜವಾದ ಸ್ವಾತಂತ್ರ್ಯವು ಮನುಷ್ಯನಲ್ಲಿರುವ ದೈವಸ್ವರೂಪದ ವಿಶೇಷ ಗುರುತೆಂದು ತಿಳಿಸಿತು. ಅದೇ ಪರಿಚ್ಛೇದವು, ಮನಸ್ಸಿಗೆ ಬಂದುದನ್ನೆಲ್ಲ ಮಾಡುವ ಪರವಾನಿಗೆಯನ್ನು ಸ್ವಾತಂತ್ರ್ಯವೆಂದು ಭ್ರಮಿಸಬಾರದೆಂದೂ ಎಚ್ಚರಿಸಿತು. ಒಳ್ಳೆಯದನ್ನು ಒಳಗಿನಿಂದ, ತನ್ನದಾಗಿ, ಬಯಸಿ ಮಾಡುವ ಶಕ್ತಿಯೇ ಸ್ವಾತಂತ್ರ್ಯ.

ಹಾಗಾದರೆ ದೇವರು ಇಂಥ ಅಪಾಯಕರವಾದ ಶಕ್ತಿಯನ್ನು ಏಕೆ ಕೊಟ್ಟರು? ಪ್ರೀತಿಯು ಇದಿಲ್ಲದೆ ಹುಟ್ಟಲಾರದು ಎಂಬುದೇ ಮೊದಲ ಉತ್ತರ. ಇದಕ್ಕೆ ದೂರದ ನಿದರ್ಶನ ಬೇಡ. ನಿಮ್ಮಲ್ಲಿ ಮದುವೆಯಾದವರೆಲ್ಲರೂ ನೆನಪಿಸಿಕೊಳ್ಳಿ. ಚಪ್ಪರ ಹಾಕಿದ್ದಾಗಿದೆ, ನೆಂಟರು ಬಂದಿದ್ದಾರೆ, ಅಡಿಗೆ ಸಿದ್ಧವಾಗಿದೆ. ಆದರೂ ಪೂಜಾಪೀಠದ ಮುಂದೆ ಗುರುಗಳು ವಧೂವರರನ್ನು ಮೊದಲು ಕೇಳುವುದೇನು? ನೀವು ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಬಂದಿರುವಿರಾ ಎಂದು. ಇದು ಬರಿಯ ಪದ್ಧತಿಯ ಮಾತಲ್ಲ. ವಿವಾಹವನ್ನು ವಿವಾಹವನ್ನಾಗಿ ಮಾಡುವುದು ಅವರಿಬ್ಬರ ಸಮ್ಮತಿಯೇ. ಆ ಸಮ್ಮತಿಯನ್ನು ಅವರ ಪರವಾಗಿ ಯಾವ ಮಾನವಶಕ್ತಿಯೂ ಕೊಡಲಾರದೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯು ಸ್ಪಷ್ಟಪಡಿಸಿದೆ. ಬಲಾತ್ಕಾರದಿಂದ ಅಥವಾ ತೀವ್ರ ಭಯದಿಂದ ಆದ ಮದುವೆ ಧರ್ಮಸಭೆಯ ದೃಷ್ಟಿಯಲ್ಲಿ ಮದುವೆಯೇ ಅಲ್ಲ. ಒಬ್ಬ ಹೆಣ್ಣುಮಗಳ "ಹೌದು" ಎಂಬ ಮಾತಿಗೆ ಬೆಲೆ ಬರುವುದು ಆಕೆಗೆ "ಇಲ್ಲ" ಎನ್ನುವ ಅವಕಾಶವಿದ್ದಾಗ ಮಾತ್ರ.

ಧರ್ಮಸಭೆಯು ಈ ನಿಯಮವನ್ನು ಕಲಿತಿದ್ದು ಸಾಕ್ಷಾತ್ ದೇವರಿಂದಲೇ. ನಜರೇತಿನ ಆ ಬಡ ಕನ್ಯೆಯ ಮನೆಗೆ ಗಬ್ರಿಯೇಲ್ ದೂತನು ಬಂದುದನ್ನು ನೆನೆಯಿರಿ. ಲೋಕದ ರಕ್ಷಣೆಯ ಯೋಜನೆ ಸಿದ್ಧವಾಗಿದೆ, ಪ್ರವಾದಿಗಳು ಶತಮಾನಗಳಿಂದ ಸಾರಿದ್ದಾರೆ, ಕಾಲವು ಪರಿಪಕ್ವವಾಗಿದೆ. ಆದರೂ ದೂತನು ಸುದ್ದಿಯನ್ನು ತಿಳಿಸಿ ಹಿಂದಿರುಗಲಿಲ್ಲ. ಮರಿಯಮ್ಮನವರು ಸಂದೇಹವನ್ನು ಕೇಳಿದರು, ದೂತನು ವಿವರಿಸಿದನು, ಅವರು ಒಪ್ಪಿಗೆಯನ್ನು ಕೊಟ್ಟಮೇಲೆ ಹೊರಟನು. ಸರ್ವಶಕ್ತರಾದ ದೇವರು ತಮ್ಮ ಸೃಷ್ಟಿಯಾದ ಒಬ್ಬ ಹೆಣ್ಣುಮಗಳ ಉತ್ತರಕ್ಕಾಗಿ ಕಾದರು. ಪ್ರಭು ಯೇಸುವಿನ ನಡತೆಯೂ ಹೀಗೆಯೇ. ಧನಿಕನಾದ ಆ ಯುವಕನು ದುಃಖಿತನಾಗಿ ಹೊರಟುಹೋದಾಗ ಪ್ರಭು ಆತನ ತೋಳನ್ನು ಹಿಡಿದು ನಿಲ್ಲಿಸಲಿಲ್ಲ. ಆತನನ್ನು ಅಕ್ಕರೆಯಿಂದ ನೋಡಿದರೆಂದು ಸಂತ ಮಾರ್ಕನು ಬರೆಯುತ್ತಾನೆ. ಅಕ್ಕರೆಯೂ ಇತ್ತು, ಹೋಗಲು ಬಿಡುವ ಗೌರವವೂ ಇತ್ತು.

ಈ ಸತ್ಯದ ಒಂದು ನೆರಳನ್ನು ನಮ್ಮ ನೆಲದಲ್ಲಿಯೇ ಕಾಣಬಹುದು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ಭಾರತದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಸಹಕಾರವೆಂಬ ಪದವನ್ನು ಸ್ವಲ್ಪ ಯೋಚಿಸಿ. ಕಂದಾಯವನ್ನು ದಂಡ ಹಿಡಿದು ವಸೂಲಿ ಮಾಡಬಹುದು. ಬಿಟ್ಟಿಯ ದುಡಿಮೆಯನ್ನು ಹೆದರಿಸಿ ಮಾಡಿಸಬಹುದು. ಸಹಕಾರವನ್ನು ಮಾತ್ರ ಹಾಗೆ ಪಡೆಯಲಾಗದು. ಸಾಲಗಾರನಾದ ರೈತನು ತಾನಾಗಿ ಮುಂದೆ ಬಂದು ಪಾಲು ಹಾಕಿ, ನೆರೆಯವನ ಮೇಲೆ ನಂಬಿಕೆಯಿಟ್ಟಾಗಲೇ ಅದು ಹುಟ್ಟುತ್ತದೆ. ನಂಬಿದವನು ಮೋಸ ಮಾಡಬಹುದು, ಸಾಲವನ್ನು ಮುಳುಗಿಸಬಹುದು. ಆ ಅಪಾಯವಿಲ್ಲದ ಸಂಘವನ್ನು ಕಟ್ಟಲು ಯಾರಿಂದಲೂ ಆಗದು. ದೇವರೂ ಬಿಟ್ಟಿಯಾಳುಗಳನ್ನು ಬಯಸಲಿಲ್ಲ, ಸಹಕಾರಿಗಳನ್ನು ಬಯಸಿದರು. ನಮ್ಮನ್ನು ಕೇಳದೆಯೇ ನಮ್ಮನ್ನು ಸೃಷ್ಟಿಸಿದ ದೇವರು, ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ನೀತಿವಂತರನ್ನಾಗಿ ಮಾಡುವುದಿಲ್ಲವೆಂಬ ಅರ್ಥದ ಮಾತನ್ನು ಸಂತ ಅಗಸ್ಟೀನರು ತಮ್ಮ ಜನರಿಗೆ ಬೋಧಿಸಿದ್ದರು. ಆದರೆ ಹೋಲಿಕೆಗೆ ಒಂದು ಮಿತಿಯುಂಟು: ಈ ಸಂಘದಲ್ಲಿ ನಾವು ಹಾಕುವ ಪಾಲನ್ನೂ ಮೊದಲು ಆತನೇ ನಮ್ಮ ಕೈಯಲ್ಲಿಡುತ್ತಾನೆ. ಅದನ್ನೇ ನಾವು ವರಪ್ರಸಾದವೆಂದು ಕರೆಯುತ್ತೇವೆ.

ಇಲ್ಲಿ ಬುದ್ಧಿವಂತರೊಬ್ಬರು ಎದ್ದು ಕೇಳಬಹುದು: "ಸ್ವರ್ಗದಲ್ಲಿರುವ ಸಂತರು ಪಾಪ ಮಾಡಲಾರರು, ಆದರೂ ಅವರು ಸ್ವತಂತ್ರರು ಎನ್ನುತ್ತೀರಿ. ಹಾಗಿದ್ದರೆ ದೇವರು ನಮ್ಮನ್ನು ಮೊದಲೇ ಹಾಗೆ ಸೃಷ್ಟಿಸಬಹುದಾಗಿತ್ತಲ್ಲವೇ?" ಪ್ರಶ್ನೆ ನ್ಯಾಯವಾದುದೇ. ತಾಯಿಯೊಬ್ಬಳು ತನ್ನ ಮಗುವಿಗೆ ವಿಷವನ್ನು ಉಣಿಸಲಾರಳು. ಕೈಗೆ ಶಕ್ತಿಯಿಲ್ಲದೆ ಅಲ್ಲ. ಪ್ರೀತಿಯು ಅಷ್ಟು ಬಲಿತಿರುವುದರಿಂದ. ಸಂತರ ಸ್ವಾತಂತ್ರ್ಯವೂ ಹೀಗೆ ಬಲಿತ ಸ್ವಾತಂತ್ರ್ಯ. ಬಲಿಯುವುದಕ್ಕೆ ಋತುಮಾನಗಳು ಬೇಕು. ಹಿಂಗಾರಿನ ಬಿಳಿಜೋಳ ತೆನೆಯಾಗಬೇಕಾದರೆ ಚಳಿಯನ್ನು ಕಾಣಬೇಕು. ದೇವರ ಮುಖವನ್ನು ನೇರವಾಗಿ ಕಂಡವರಿಗೆ ಬೇರೆ ಆಯ್ಕೆಯ ಆಸೆಯೇ ಉಳಿಯದು. ಆದುದರಿಂದ ಕಾಣದೆಯೇ ನಂಬುವ, ಒತ್ತಾಯವಿಲ್ಲದೆ ಆರಿಸುವ ಒಂದು ಕಾಲವನ್ನು ದೇವರು ನಮಗೆ ಕೊಟ್ಟಿದ್ದಾರೆ. ಆ ಕಾಲಕ್ಕೆ ಮನುಷ್ಯನ ಆಯುಷ್ಯವೆಂದು ಹೆಸರು. ಹೀಗೆ ಆರಿಸಿಕೊಂಡ ಸ್ವರ್ಗವು ಮಕ್ಕಳ ಮನೆಯಾಗುತ್ತದೆ.

ಎರಡನೆಯದು ಸರ್ವಜ್ಞತೆಯ ಪ್ರಶ್ನೆ. "ನಾಳೆ ನಾನು ಮಾಡುವುದು ದೇವರಿಗೆ ಇಂದೇ ತಿಳಿದಿದೆ; ತಿಳಿದಿರುವುದು ತಪ್ಪಲಾರದು; ಆದ್ದರಿಂದ ನಾನು ಬೇರೆ ಏನನ್ನೂ ಮಾಡಲಾರೆ; ಎಲ್ಲವೂ ಹಣೆಬರಹ." ಈ ವಾದವನ್ನು ಕುಡುಕರಿಂದಲೂ ಕೇಳಿದ್ದೇವೆ, ಪಂಡಿತರಿಂದಲೂ ಕೇಳಿದ್ದೇವೆ. ಇದರಲ್ಲಿ ಒಂದು ಗಂಟು ಇದೆ. ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ. ಕ್ರಿಸ್ತಶಕ 524ರ ಸುಮಾರಿಗೆ ಸೆರೆಮನೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತಿದ್ದ ಬೋಯೆಥಿಯಸ್ ಎಂಬ ಜ್ಞಾನಿಯು ಈ ಗಂಟನ್ನು ಬಿಡಿಸಿದನು. ದೇವರು ನಮ್ಮಂತೆ ಕಾಲದೊಳಗೆ ಕುಳಿತು ಮುಂದಿನದನ್ನು ಊಹಿಸುವವರಲ್ಲ. ಅವರಿಗೆ ಎಲ್ಲವೂ ಒಂದೇ ವರ್ತಮಾನ. ಸಂತ ತೋಮಸರು ಇದಕ್ಕೆ ಎತ್ತರದಿಂದ ದಾರಿಯನ್ನು ನೋಡುವವನ ಉಪಮೆಯನ್ನು ಕೊಟ್ಟರು. ನಾವು ಅದನ್ನು ನಮ್ಮ ಕಪ್ಪತಗುಡ್ಡಕ್ಕೆ ತಂದು ಹೇಳುವೆವು. ಬುಡದ ಹಾದಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುವವರು ಕಾಣರು. ತಿರುವಿನಾಚೆ ಇರುವವರೂ ಕಾಣರು. ಗುಡ್ಡದ ಮೇಲೆ ನಿಂತವನಿಗಾದರೋ ಮುಂದೆ ಹೋದವನು, ನಡುವೆ ಇರುವವನು, ಹಿಂದೆ ಬರುವವನು ಎಲ್ಲರೂ ಏಕಕಾಲಕ್ಕೆ ಕಾಣುವರು. ಒಬ್ಬನು ದಾರಿ ಬಿಟ್ಟು ಹಳ್ಳಕ್ಕೆ ಇಳಿಯುವುದೂ ಕಾಣುತ್ತದೆ. ಮೇಲಿನವನು ನೋಡಿದನೆಂಬ ಕಾರಣಕ್ಕೆ ಕೆಳಗಿನವನು ಹಳ್ಳಕ್ಕೆ ಇಳಿದನೇ? ಆತನು ಇಳಿದುದರಿಂದ ಇವನಿಗೆ ಕಂಡಿತು, ಅಷ್ಟೇ.

ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ಭಾರತ ಕಥೆ ನಿಮಗೆಲ್ಲ ಪರಿಚಿತವೇ. ಅಲ್ಲಿ ಕೃಷ್ಣನು ಸಂಧಾನಕ್ಕಾಗಿ ಹಸ್ತಿನಾವತಿಗೆ ಹೋಗುತ್ತಾನೆ. ಯುದ್ಧ ನಡೆದೇ ತೀರುವುದೆಂದು ಬಲ್ಲವನು ಸಂಧಾನಕ್ಕೆ ಏಕೆ ಹೋಗಬೇಕು? ಕರ್ಣನಿಗೂ ಆತನ ಜನ್ಮರಹಸ್ಯವನ್ನು ತಿಳಿಸಿ, ಎರಡು ದಾರಿಗಳನ್ನೂ ಮುಂದಿಡುತ್ತಾನೆ. ಕರ್ಣನು ತನ್ನ ಒಡೆಯನ ಅನ್ನದ ಋಣವನ್ನೇ ಆರಿಸಿಕೊಳ್ಳುತ್ತಾನೆ. ಆ ಕಾವ್ಯದ ಧರ್ಮದರ್ಶನವು ನಮ್ಮ ವಿಶ್ವಾಸವಲ್ಲ. ಆದರೂ ನಮ್ಮ ಊರಿನ ಕವಿಯ ಕಥೆಯನ್ನು ಕೇಳುವ ರೈತನಿಗೆ ಒಂದು ಸಂಗತಿ ತಿಳಿಯದೆ ಇರದು: ಫಲಿತಾಂಶವನ್ನು ಬಲ್ಲವನೂ ಕೇಳುವುದನ್ನು ಬಿಡಲಿಲ್ಲ. ನಮ್ಮ ಪ್ರಭುವೂ ಕಡೆಯ ಭೋಜನದ ರಾತ್ರಿ ಯೂದನು ಏನು ಮಾಡುವನೆಂದು ಬಲ್ಲವರಾಗಿದ್ದರು. ಆದರೂ ಆತನ ಪಾದಗಳನ್ನು ತೊಳೆದರು. ತಮ್ಮ ತಟ್ಟೆಯಿಂದ ತುತ್ತನ್ನು ಕೊಟ್ಟರು. ಅದು ನಾಟಕವಲ್ಲ, ಕೊನೆಯ ಗಳಿಗೆಯವರೆಗೂ ತೆರೆದಿಟ್ಟ ಬಾಗಿಲು. ಅದೇ ರಾತ್ರಿ ಪೇತ್ರನೂ ಪ್ರಭುವನ್ನು ಅರಿಯೆನೆಂದನು. ಇಬ್ಬರ ಪತನವೂ ಪ್ರಭುವಿಗೆ ತಿಳಿದಿತ್ತು. ಇಬ್ಬರಿಗೂ ಹಿಂದಿರುಗುವ ದಾರಿಯಿತ್ತು. ಒಬ್ಬನು ಅತ್ತು ಹಿಂದಿರುಗಿದನು.

ಪ್ರಿಯರೇ, ಇಷ್ಟರಿಂದ ಆ ತಾಯಿಯ ಕಣ್ಣೀರು ಒಣಗುವುದೆಂದು ನಾವು ಹೇಳಲಾರೆವು. ಆಕೆಯ ನೋವಿನಲ್ಲಿ ಇನ್ನೊಂದು ಮುಳ್ಳಿದೆ. ಮಗನು ತನ್ನ ಸ್ವಾತಂತ್ರ್ಯವನ್ನು ಕೆಡಿಸಿಕೊಂಡನು, ಸರಿ. ಆದರೆ ಅದರ ಬೆಲೆಯನ್ನು ತೆತ್ತವಳು ತಾಯಿ. ಕಾಯಿನನು ಕೈಯೆತ್ತಿದನು, ಸತ್ತವನು ಆಬೇಲನು. ಎತ್ತಿದ ಕೈಯನ್ನು ದೇವರು ಪ್ರತಿಯೊಂದು ಸಲವೂ ತಡೆಯಬಾರದೇ? ತಡೆಯಬಲ್ಲರು. ಆದರೆ ಹೊಡೆಯಲು ಎತ್ತಿದ ಕೈಯೆಲ್ಲವೂ ಗಾಳಿಯಲ್ಲೇ ಮರಗಟ್ಟಿ, ಸುಳ್ಳು ಹೇಳಹೊರಟ ನಾಲಗೆಯೆಲ್ಲವೂ ಕಟ್ಟಿಹೋಗುವ ಲೋಕದಲ್ಲಿ ಯಾರೂ ಯಾರಿಗೂ ಹೊಣೆಯಾಗರು. ನಮ್ಮ ಬದುಕುಗಳು ಬೆಟಗೇರಿಯ ಮಗ್ಗದ ಮೇಲಿನ ಹಾಸು ಹೊಕ್ಕುಗಳಂತೆ ಒಂದಕ್ಕೊಂದು ಸೇರಿಕೊಂಡಿವೆ. ಒಂದು ಎಳೆ ಕಡಿದರೆ ನೆಯ್ಗೆ ಕೆಡುತ್ತದೆ. ಎಳೆಗಳು ಒಂದನ್ನೊಂದು ಮುಟ್ಟದಂತಿಟ್ಟರೆ ಬಟ್ಟೆಯೇ ಆಗದು. ಒಬ್ಬರಿಗೊಬ್ಬರು ನೋವು ಕೊಡಬಲ್ಲ ನಂಟಿನಲ್ಲಿಯೇ ಒಬ್ಬರನ್ನೊಬ್ಬರು ಸಾಕಬಲ್ಲ ಭಾಗ್ಯವೂ ಇದೆ.

ದೇವರು ಆ ನೋವಿನ ಹೊರಗೆ ಕುಳಿತು ನಮಗೆ ತತ್ತ್ವವನ್ನು ಹೇಳಿದ್ದರೆ ನಾವು ಅವರನ್ನು ಒಪ್ಪುವುದು ಕಷ್ಟವಾಗುತ್ತಿತ್ತು. ಅವರು ಹೊರಗೆ ಕುಳಿತಿಲ್ಲ. ಮನುಷ್ಯನ ಸ್ವಾತಂತ್ರ್ಯವು ಮಾಡಬಹುದಾದ ಅತ್ಯಂತ ಕೆಟ್ಟ ಕಾರ್ಯವು ನಡೆದಿದ್ದು ಕಲ್ವಾರಿಯಲ್ಲಿ, ಅವರ ಮಗನ ಮೇಲೆಯೇ. ಅಲ್ಲಿಯೂ ಅವರು ಮೊಳೆ ಹೊಡೆಯುವ ಕೈಗಳನ್ನು ಕಟ್ಟಲಿಲ್ಲ. ಆ ಕೈಗಳಿಗಾಗಿ ಕ್ಷಮೆಯನ್ನು ಬೇಡಿದರು. ಅಣ್ಣಂದಿರು ಯೋಸೇಫನನ್ನು ಮಾರಿದ ಕೇಡಿನಿಂದಲೇ ಬರಗಾಲದಲ್ಲಿ ಅನ್ನವನ್ನು ತಂದ ದೇವರು, ಶಿಲುಬೆಯಿಂದ ಪುನರುತ್ಥಾನವನ್ನು ತಂದರು. ನಮ್ಮ ತಪ್ಪು ದೇವರ ಯೋಜನೆಯನ್ನು ಗಾಯಗೊಳಿಸಬಲ್ಲದು; ಸೋಲಿಸಲಾರದು.

ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಲೋಕದ ಎಲ್ಲ ಸಂಕಟಕ್ಕೂ ಮನುಷ್ಯನ ಸ್ವಾತಂತ್ರ್ಯವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಮಳೆ ಬಾರದೆ ಎರೆಹೊಲ ಬಿರಿಯುವುದು, ಹಸುಗೂಸು ರೋಗದಿಂದ ಸಾಯುವುದು ಯಾರ ಆಯ್ಕೆಯ ಫಲ? ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪವೆಂದು ಕೇಳಿದಾಗ, ಪ್ರಭುವು ಆತನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲವೆಂದರು. ಸಂಕಟದಲ್ಲಿರುವವನ ಮುಂದೆ ನಿಂತು ಆತನ ಪಾಪಗಳನ್ನು ಎಣಿಸುವ ಅಧಿಕಾರವನ್ನು ಅಂದೇ ಪ್ರಭುವು ನಮ್ಮಿಂದ ಕಿತ್ತುಕೊಂಡರು. ಅಲ್ಲಿ ನಮ್ಮ ಸ್ವಾತಂತ್ರ್ಯಕ್ಕೆ ಇರುವ ಕೆಲಸ ಬೇರೆ: ಕಾರಣವನ್ನು ಹುಡುಕುವುದಕ್ಕಿಂತ ಮೊದಲು ಕೈನೀಡುವುದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರಿ ಗವಾಯಿಗಳಿಗೂ, ಅವರ ಶಿಷ್ಯರಾಗಿ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಂಧತ್ವವನ್ನು ಅವರು ಆರಿಸಿಕೊಂಡದ್ದಲ್ಲ. ಆದರೆ ತಮ್ಮಂತೆಯೇ ಕಣ್ಣಿಲ್ಲದ ಬಡಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಡುವೆವೆಂಬುದು ಅವರ ಆಯ್ಕೆ. ಆ ಆಯ್ಕೆಯ ಫಲವನ್ನು ನಾಡೆಲ್ಲ ಕೇಳಿತು. ಅವರು ನಮ್ಮ ಸಭೆಯವರಲ್ಲ; ಆದರೂ ಕುರುಡನ ಕಣ್ಣಿಗೆ ಮಣ್ಣು ಹಚ್ಚಿದ ಪ್ರಭುವಿನ ಕರುಣೆಯನ್ನು ಅರಿತವರಿಗೆ ಆ ಸೇವೆಯ ಮುಂದೆ ತಲೆಬಾಗಲು ಸಂಕೋಚವಿರಬೇಕಾಗಿಲ್ಲ.

ಇನ್ನು ನಮ್ಮ ಬಾಳಿಗೆ ಬರೋಣ. ಸ್ವಾತಂತ್ರ್ಯವು ಎಲ್ಲರಲ್ಲಿಯೂ ಒಂದೇ ಬಲದಲ್ಲಿ ಇರುವುದಿಲ್ಲ. 1547ರಲ್ಲಿ ತ್ರೆಂತ್ ಮಹಾಸಭೆಯು, ಆದಿಪಾಪದಿಂದ ನಮ್ಮ ಸ್ವತಂತ್ರ ಇಚ್ಛೆಯು ದುರ್ಬಲವಾಗಿದೆ, ಆದರೆ ನಂದಿಹೋಗಿಲ್ಲವೆಂದು ಬೋಧಿಸಿತು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಅಜ್ಞಾನ, ಭಯ, ಬಲವಂತ, ಅಂಟಿಕೊಂಡ ಚಟ ಇವುಗಳಿಂದ ಮನುಷ್ಯನ ಹೊಣೆಗಾರಿಕೆ ಕಡಿಮೆಯಾಗಬಹುದೆಂದು ಹೇಳುತ್ತದೆ. ನಾವು ಅಂದು ಆ ಯುವಕನ ಮೇಲೆ ಬೈಬಲಿನ ಭಾರವನ್ನು ಹೇರುವಾಗ ಇದನ್ನು ನೆನೆಯಬೇಕಾಗಿತ್ತು. ಆತನಿಗೆ ಬೇಕಾಗಿದ್ದುದು ಜನರ ಮುಂದೆ ಆಣೆಯಲ್ಲ. ಚಿಕಿತ್ಸೆ, ಜೊತೆಗೆ ನಡೆಯುವ ಗೆಳೆಯ, ಬಿದ್ದಾಗ ಬೈಯದೆ ಎಬ್ಬಿಸುವ ಕೈ. ಸೊರಗಿದ ಸ್ವಾತಂತ್ರ್ಯವನ್ನು ಹಗ್ಗದಿಂದ ಬಿಗಿದರೆ ಅದು ಸಾಯುತ್ತದೆ. ಊರುಗೋಲು ಕೊಟ್ಟರೆ ನಿಧಾನವಾಗಿ ನಡೆಯುತ್ತದೆ. ಇಲ್ಲಿ ಕುಳಿತಿರುವ ತಂದೆತಾಯಿಗಳೇ, ಮಗಳ ಮದುವೆಯನ್ನು ನಿಶ್ಚಯಿಸುವಾಗ ಆಕೆಯ ಮನಸ್ಸನ್ನು ಕೇಳಿ. ಮಗನನ್ನು ಪೂಜೆಗೆ ಕಳುಹಿಸುವಾಗ ಬರಿಯ ಬೆದರಿಕೆಯಿಂದ ಕಳುಹಿಸಬೇಡಿ. ನೀವು ಮೊಣಕಾಲೂರುವುದನ್ನು ಆತನು ಕಾಣಲಿ. ನಿಯಮ ಬೇಡವೆಂದಲ್ಲ, ಎಳೆಯ ಸಸಿಗೆ ಬೇಲಿ ಬೇಕು. ಬೇಲಿ ಇರುವುದು ಸಸಿ ಮರವಾಗುವುದಕ್ಕಾಗಿ ಎಂಬುದನ್ನು ಮರೆಯಬೇಡಿ.

ನೆರೆಯವರ ವಿಷಯದಲ್ಲಿಯೂ ಇದೇ ಮಾತು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಮಸೀದಿ ಒಂದೇ ಊರಿನ ಗಾಳಿಯನ್ನು ಉಸಿರಾಡುತ್ತಿವೆ. ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಇಂಥ ನಾಡಿನಲ್ಲಿ ಅಲ್ಪಸಂಖ್ಯಾತರಾದ ನಾವು ನೂರು ವರ್ಷ ಬಾಳಿದ್ದೇವೆ. 1965ರ ಡಿಸೆಂಬರ್ 7ರಂದು ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತ ಘೋಷಣೆಯಲ್ಲಿ, ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಬಲವಂತಪಡಿಸಬಾರದೆಂದು ಸಾರಿತು. ದೇವರೇ ಬಲವಂತ ಮಾಡದಿರುವಾಗ ಅವರ ಹೆಸರಿನಲ್ಲಿ ಬಲವಂತ ಮಾಡಲು ನಾವು ಯಾರು? ನಮ್ಮ ವಿಶ್ವಾಸವನ್ನು ನಾವು ಬಾಳಿ ತೋರಿಸಬೇಕು. ಕೇಳಿದವರಿಗೆ ವಿನಯದಿಂದ ತಿಳಿಸಬೇಕು. ಉತ್ತರವನ್ನು ಅವರಿಗೂ ದೇವರಿಗೂ ಬಿಡಬೇಕು.

ಈ ಪ್ರಶ್ನೆಯನ್ನು ಕುರಿತು ಸ್ವತಂತ್ರ ಸಂಕಲ್ಪವೆಂಬ ಗ್ರಂಥವನ್ನೇ ಬರೆದ ಸಂತ ಅಗಸ್ಟೀನರು ಯಾರ ಮಗ? ಸಂತ ಮೋನಿಕಾ ಎಂಬ ತಾಯಿಯ ಮಗ. ಯೌವನದಲ್ಲಿ ಆತನು ಮನಿಕೇಯರ ಮತವನ್ನು ಹಿಡಿದು, ತನ್ನ ಪಾಪಕ್ಕೆ ತಾನಲ್ಲ, ತನ್ನೊಳಗಿನ ಯಾವುದೋ ಕತ್ತಲೆಯ ಶಕ್ತಿಯೇ ಕಾರಣವೆಂದು ಸುಖವಾಗಿದ್ದನು. ಆ ತಾಯಿಯು ಮಗನ ಹಿಂದೆ ಸಮುದ್ರವನ್ನು ದಾಟಿ ಹೋದಳು, ವರ್ಷಗಟ್ಟಲೆ ಅತ್ತಳು, ಪ್ರಾರ್ಥಿಸಿದಳು. ಕಟ್ಟಿಹಾಕಲು ಆಕೆಯಲ್ಲಿಯೂ ಹಗ್ಗವಿರಲಿಲ್ಲ. 387ರಲ್ಲಿ ಮಿಲಾನಿನಲ್ಲಿ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರಿಂದ ಮಗನು ದೀಕ್ಷಾಸ್ನಾನವನ್ನು ಪಡೆದನು. ಅದೇ ವರ್ಷ ತಾಯಿಯು ಓಸ್ತಿಯಾ ಎಂಬ ಬಂದರಿನಲ್ಲಿ ಕಣ್ಣುಮುಚ್ಚಿದಳು. ಕೆಟ್ಟುಹೋಗಬಲ್ಲ ಸ್ವಾತಂತ್ರ್ಯವಿದ್ದುದರಿಂದಲೇ ಆತನಿಗೆ ಹಿಂದಿರುಗಬಲ್ಲ ಸ್ವಾತಂತ್ರ್ಯವೂ ಇತ್ತು. ಹಗ್ಗ ಹಾಕಿದ ದನವನ್ನು ಕೊಟ್ಟಿಗೆಗೆ ಎಳೆದು ತರಬಹುದು. ಅದು ಎದ್ದು ತಂದೆಯ ಬಳಿಗೆ ಹೋಗುವೆನೆಂದು ಹೇಳಲಾರದು. ಆ ಮಾತನ್ನು ಹೇಳಿದವನು ಹಂದಿಗಳ ನಡುವೆ ಕುಳಿತಿದ್ದ ಮಗನು.

ನಮ್ಮ ಆ ತಾಯಿಯ ಮಗನು ಇನ್ನೂ ಹಿಂದಿರುಗಿಲ್ಲ. ಎಲ್ಲೋ ದುಡಿಯುತ್ತಿದ್ದಾನಂತೆ, ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾನಂತೆ, ಹೆಚ್ಚು ಮಾತಾಡುವುದಿಲ್ಲವಂತೆ. ಕಳೆದ ತಪಸ್ಸು ಕಾಲದಲ್ಲಿ ಮನೆಗಳನ್ನು ಆಶೀರ್ವದಿಸಲು ಹೋದಾಗ ಆಕೆಯ ಮನೆಗೂ ಹೋಗಿದ್ದೆವು. ನಾವು ಮಾಡಿದ ತಪ್ಪಿಗಾಗಿ ಆಕೆಯ ಕ್ಷಮೆಯನ್ನು ಕೇಳಿದೆವು. ಆಕೆ ಅದಕ್ಕೆ ಏನನ್ನೂ ಹೇಳದೆ, ಒಲೆಯ ಪಕ್ಕದಲ್ಲಿ ಬುಟ್ಟಿಯೊಳಗೆ ಬಟ್ಟೆ ಮುಚ್ಚಿಟ್ಟಿದ್ದ ರೊಟ್ಟಿಗಳನ್ನು ತೋರಿಸಿದಳು. ರಾತ್ರಿ ತನಗೆ ಬೇಕಾದುದಕ್ಕಿಂತ ಎರಡು ರೊಟ್ಟಿಗಳನ್ನು ಹೆಚ್ಚಾಗಿ ತಟ್ಟುತ್ತಾಳೆ. ಬಾಗಿಲಿಗೆ ಚಿಲಕ ಹಾಕುವುದಿಲ್ಲ. "ಬಂದ್ರ ಹಸಕೊಂಡ ಬರ್ತಾನ್ರಿ ಫಾದರ್," ಎಂದಳು.

ಗುರುಮಠದಲ್ಲಿ ನಾವು ಓದಿದ ಗ್ರಂಥಗಳಲ್ಲಿ ದೇವರು ಮನುಷ್ಯನಿಗೆ ಸ್ವಾತಂತ್ರ್ಯವನ್ನಿತ್ತು ತಾವು ಏನು ಮಾಡುತ್ತಾರೆಂಬುದಕ್ಕೆ ಉದ್ದವಾದ ವಿವರಣೆಗಳಿದ್ದುವು. ಆ ಮನೆಯ ಒಲೆಯ ಬಳಿ ನಾವು ಅದನ್ನು ಕಣ್ಣಾರೆ ಕಂಡೆವು. ಸಂತ ಲೂಕನು ಬರೆದ ತಂದೆಯು ಮಗನಿನ್ನೂ ದೂರದಲ್ಲಿರುವಾಗಲೇ ಕಂಡನಂತೆ. ಪ್ರತಿದಿನವೂ ದಾರಿಯನ್ನು ನೋಡುತ್ತಿದ್ದವನಿಗೆ ಮಾತ್ರ ಅಷ್ಟು ದೂರದಿಂದ ಗುರುತು ಸಿಗುತ್ತದೆ.

ಪ್ರಿಯ ಸಹೋದರ ಸಹೋದರಿಯರೇ, ನೂರು ವರ್ಷಗಳಿಂದ ಈ ದೇವಾಲಯದ ಗಂಟೆ ಬಾರಿಸುತ್ತಿದೆ. ಗಂಟೆ ಯಾರನ್ನೂ ಎಳೆದು ತರುವುದಿಲ್ಲ, ಕರೆಯುತ್ತದೆ ಅಷ್ಟೇ. ಕರೆಯನ್ನು ಕೇಳಿ, ಬಾರದೆ ಇರಬಹುದಾಗಿದ್ದೂ ಬಂದ ನಿಮ್ಮ ಅಜ್ಜ ಅಜ್ಜಿಯರ ಹೆಜ್ಜೆಗಳಿಂದ ಈ ಮೆಟ್ಟಿಲುಗಳು ಸವೆದಿವೆ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ದೇವಾಲಯದ ಬಾಗಿಲೂ ಆ ತಾಯಿಯ ಬಾಗಿಲಿನಂತೆ ಚಿಲಕವಿಲ್ಲದೆ ಇರಲಿ. ಹಿಂದಿರುಗುವವರು ಯಾವ ಹೊತ್ತಿಗೆ ಬಂದರೂ ಅವರಿಗಾಗಿ ಇಲ್ಲಿ ರೊಟ್ಟಿಯಿರಲಿ. ಜೀವದ ರೊಟ್ಟಿಯಂತೂ ಇದ್ದೇ ಇದೆ.

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿಮ್ಮೆಲ್ಲರಿಗೂ ಶುಭವಾಗಲಿ. ಆಮೆನ್.